ಹನ್ನೆರಡು ಮೂಟೆ ಸತ್ತ ಸುಣ್ಣ

"ಕೈ ತೋರಿಸೇ, ಕಳ್ಳಮುಂಡೆ. ತಿರುಗಿಸು. ನೋಡಿ ಸಾರ್, ಸುಣ್ಣ ಸುರಿಯೋರ ಕೈಯಾ ಇದು? ಮದುಮಗಳ ಕೈ ಇದ್ದ ಹಾಗಿದೆ."

ಇಂಜಿನಿಯರ್ ಸುಣ್ಣದಕ್ಕನ ಮಣಿಕಟ್ಟು ಹಿಡಿದು ದೊಡ್ಡ ಸಾಹೇಬರ ಮೂಗಿನವರೆಗೂ ಒಯ್ದ. ಪಕ್ಕದಲ್ಲಿದ್ದ ಅವಳ ನಾದಿನಿಗೆ ನಗು ಬಂತು. ಮದುಮಗಳಂತೆ! ಈ ಅತ್ತಿಗೆಗೆ ಐವತ್ತು ದಾಟಿ, ಮುಂದಿನ ಎರಡು ಹಲ್ಲು ಹೋಗಿದ್ದವು. ನಾದಿನಿ ತಲೆಬಟ್ಟೆಯ ತುದಿಯನ್ನು ಬಾಯಿಗೆ ತುರುಕಿಕೊಂಡರೂ ನಗು ಮೂಗಿನಿಂದ ಹೊರಬಿತ್ತು.

ಊರಿಗೆಲ್ಲ ಕುಡಿಯುವ ನೀರು ಶುದ್ಧಿ ಮಾಡುವ ಆ ಘಟಕದಲ್ಲಿ ಸುಣ್ಣ ಕದಡುವವರು ಎಂಟು ಹೆಂಗಸರು; ಅವರಲ್ಲಿ ಹಿರಿಯಳು ಸುಣ್ಣದಕ್ಕ. ಕೆಸರು ಇಳಿಯಲೆಂದು ಪಟಿಕ ಹಾಕಿದರೆ ನೀರು ಹುಳಿಯಾಗುತ್ತದೆ, ಹುಳಿ ನೀರು ಕಬ್ಬಿಣದ ಪೈಪು ತಿನ್ನುತ್ತದೆ. ಆ ಹುಳಿ ಮುರಿಯಲು ಸುಣ್ಣ. ಎಷ್ಟು ಸುಣ್ಣ ಎಂಬುದನ್ನು ಇಂಜಿನಿಯರ್ ಮೇಲಿನ ಕೋಣೆಯಲ್ಲಿ ಫ್ಯಾನಿನ ಕೆಳಗೆ ಕೂತು ಲೆಕ್ಕ ಹಾಕಿದ್ದ. ದಿನಕ್ಕೆ ಎರಡು ಕೋಟಿ ಲೀಟರ್ ನೀರು, ಲೀಟರಿಗೆ ಹದಿನೈದು ಮಿಲಿಗ್ರಾಂ, ಒಟ್ಟು ಮುನ್ನೂರು ಕಿಲೋ. ಅಂದರೆ ಇಪ್ಪತ್ತೈದು ಕಿಲೋದ ಹನ್ನೆರಡು ಮೂಟೆ. ಲೆಕ್ಕದಲ್ಲಿ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಮಹಾಶಯ ಮೂಟೆಯೊಳಗೆ ಮಾತ್ರ ಎಂದೂ ಕೈ ಹಾಕಿರಲಿಲ್ಲ.

ಮೂರು ತಿಂಗಳಿಂದ ಬರುತ್ತಿದ್ದ ಸುಣ್ಣ ಯಾವುದೋ ಗೋದಾಮಿನ ತೇವದಲ್ಲಿ, ಗಾಳಿಯಲ್ಲಿ ಬಿದ್ದು, ಖಾರ ಕಳೆದುಕೊಂಡು ಸತ್ತುಹೋಗಿತ್ತು. ಅದನ್ನು ಮೊದಲು ಕಂಡುಹಿಡಿದದ್ದು ಹೆಂಗಸರ ಚರ್ಮ. ವರ್ಷಗಟ್ಟಲೆ ಬಿರಿದು, ಉಪ್ಪು ಮುಟ್ಟಿದರೆ ಚುರ್ ಎನ್ನುತ್ತಿದ್ದ ಬೆರಳುಗಳು ತಾವಾಗಿಯೇ ವಾಸಿಯಾದವು. ನಾದಿನಿ ಮೊದಲ ಬಾರಿಗೆ ತನ್ನ ಕೂಸಿನ ಕೆನ್ನೆ ಸವರಿದಳು, ಕೂಸು ಅಳಲಿಲ್ಲ. ಸಂತೋಷದ ಸಂಗತಿಯೇ. ಆದರೆ ಕೈ ಸುಡದ ಸುಣ್ಣ ನೀರಿನ ಹುಳಿಯನ್ನೇನು ಮುರಿದೀತು ಎಂದು ಸುಣ್ಣದಕ್ಕನಿಗೆ ಒಳಗೊಳಗೇ ಕಸಿವಿಸಿ. ಮೂರು ಸಲ ಮೇಲಿನ ಕೋಣೆಯ ಬಾಗಿಲಲ್ಲಿ ನಿಂತು ಹೇಳಿದಳು. ಮೂರು ಸಲವೂ ಇಂಜಿನಿಯರ್, ಹೆಬ್ಬೆಟ್ಟು ಒತ್ತುವವಳು ನನಗೆ ಲೆಕ್ಕ ಕಲಿಸಲು ಬಂದಿದ್ದಾಳೆ ಎಂದು ನಕ್ಕು ಅಟ್ಟಿದ.

ಈಗ ಊರ ನಲ್ಲಿಗಳಲ್ಲಿ ತುಕ್ಕಿನ ಕೆಂಪು ನೀರು ಬಂದು, ದೊಡ್ಡ ಸಾಹೇಬರು ಮೀಟರ್ ಹಿಡಿದು ಬಂದಿದ್ದರು. ಏಳೂವರೆ ಇರಬೇಕಾದ ಪಿಎಚ್ ಆರರ ಆಸುಪಾಸಿನಲ್ಲಿ ಕುಂಟುತ್ತಿತ್ತು. ಇಂಜಿನಿಯರನ ಬಳಿ ಉತ್ತರ ರೆಡಿ ಇತ್ತು. ಲೆಕ್ಕ ಸರಿ, ಸುಣ್ಣವೂ ಸರಿ, ಹಾಗಾದರೆ ಮೂಟೆಗಳನ್ನು ಈ ಹೆಂಗಸರೇ ಹೊತ್ತೊಯ್ದಿದ್ದಾರೆ; ಒಡೆಯದ ಕೈಗಳೇ ಸಾಕ್ಷಿ. ಎಂಟೂ ಜನರನ್ನು ಇವತ್ತೇ ಪೊಲೀಸರಿಗೆ ಒಪ್ಪಿಸುವ ಕಾಗದ ಸುಣ್ಣದ ತೊಟ್ಟಿಯ ಪಕ್ಕದ ಮೇಜಿನ ಮೇಲಿತ್ತು. ಸಾಹೇಬರು ಸಹಿ ಹಾಕಲು ಪೆನ್ನಿನ ಮುಚ್ಚಳ ತೆಗೆದರು.

ಹೆದರಿದಷ್ಟೂ ನಗು ಹೆಚ್ಚುವ ಜೀವ ಆ ನಾದಿನಿಯದು. ಅವಳು ಕಿಸಕ್ಕೆಂದಳು. ಹಿಂದಿದ್ದವಳಿಗೆ ಅಂಟಿತು, ಅವಳಿಂದ ಅವಳ ಹಿಂದಿನವಳಿಗೆ.

"ಏನ್ರೇ ಕಿಸೀತೀರಾ, ಮುಂಡೇವಾ? ಜೈಲಿಗೆ ಹೋಗಿ ಕಿಸೀರಿ," ಎಂದ ಇಂಜಿನಿಯರ್.

ಜೈಲೆಂದದ್ದೇ ತಡ, ಎಲ್ಲರಿಗೂ ಹೊಟ್ಟೆ ಹಿಡಿದುಕೊಳ್ಳುವಂತಾಯಿತು. ಸುಣ್ಣದಕ್ಕನಿಗೂ ತಡೆಯಲಾಗಲಿಲ್ಲ. ಮೂವತ್ತು ವರ್ಷ ಕೈ ಸುಟ್ಟುಕೊಂಡಾಗ ಒಬ್ಬನೂ ತಿರುಗಿ ನೋಡಲಿಲ್ಲ, ವಾಸಿಯಾದ ಕೂಡಲೇ ಕಳ್ಳಿ. ಇದಕ್ಕಿಂತ ತಮಾಷೆ ಇನ್ನೇನು ಬೇಕು. ಅವಳಿಗೆ ನಗುವಿನೊಂದಿಗೇ ಮೈಯೆಲ್ಲ ಸಿಟ್ಟು ಹತ್ತಿತು.

"ಸಾಹೇಬ್ರೇ, ಸಹಿ ಆಮೇಲೆ ಹಾಕುವಿರಂತೆ. ಈ ಹನ್ನೆರಡು ಮೂಟೆ ಇವತ್ತು ಬೆಳಿಗ್ಗೆ ಬಂದಿದ್ದು, ಒಂದರ ಹೊಲಿಗೆ ಕೂಡ ಬಿಚ್ಚಿಲ್ಲ. ನೀವೇ ಬಿಚ್ಚಿ ನೋಡಿ."

ಸಾಹೇಬರು ಪ್ಯಾಂಟಿಗೆ ಧೂಳಾದೀತೆಂದು ಹಿಂದೆ ಸರಿದರು. ಅವಳೇ ಒಂದು ಮೂಟೆ ಹರಿದಳು. ಒಂದು ಬೊಗಸೆ ತೆಗೆದು, ನೀರು ಚಿಮುಕಿಸಿ ಕಲಸಿ, ಹಣೆಯಿಂದ ಗಲ್ಲದವರೆಗೆ ಬಳಿದುಕೊಂಡಳು.

"ಜೀವ ಇರೋ ಸುಣ್ಣ ಆಗಿದ್ರೆ ಇಷ್ಟೊತ್ತಿಗೆ ಚರ್ಮ ಕಿತ್ತು ಬರ್ತಿತ್ತು."

"ಅತ್ತಿಗೆ, ನಂಗೂ," ಎಂದು ನಾದಿನಿ ಮುಖ ಒಡ್ಡಿದಳು. ಆಮೇಲೆ ಕೇಳಬೇಕೇ, ಎಂಟೂ ಮುಖ ಬೆಳ್ಳಗಾದವು. ಒಬ್ಬಳು ತೊಟ್ಟಿಯ ನೀರಿಗೆ ಬಾಗಿ ಅಂದ ನೋಡಿಕೊಂಡಳು. ಇಬ್ಬರು ಸೊಂಟ ಹಿಡಿದು ಗಿರ್ರನೆ ಸುತ್ತಿ, ಮೂಟೆಗಳ ಮೇಲೆ ದೊಪ್ಪೆಂದು ಬಿದ್ದರು.

"ನಾಟಕ ಸಾರ್. ಸುಣ್ಣ ಅಪ್ಪಟ ಇದೆ. ಸರ್ಟಿಫಿಕೇಟ್ ಇದೆ ನನ್ನ ಹತ್ರ. ಸಹಿ ಹಾಕಿ ನೀವು," ಎಂದ ಇಂಜಿನಿಯರ್.

"ಅಪ್ಪಟ ಇದೆಯಾ?" ಎಂದು ಸುಣ್ಣದಕ್ಕ ಒದ್ದೆ ಸುಣ್ಣದ ಎರಡೂ ಅಂಗೈಯನ್ನು, ಕಣ್ಣಿಗೆ ತಾಗದ ಹಾಗೆ, ಇಂಜಿನಿಯರನ ಎರಡೂ ಕೆನ್ನೆಗೆ ಅಪ್ಪಳಿಸಿದಳು.

"ಸತ್ತೆ, ಸುಟ್ಟುಹೋಯ್ತು, ನೀರು ತನ್ರೋ ಬೋಳಿಮಕ್ಳಾ!"

ಅವನು ನಲ್ಲಿಗೆ ಓಡಿದ, ಜಾರಿ ಬಿದ್ದ, ಅಂಗಾತನಾಗಿ ಕಾಲು ಬಡಿದ. ಸಾಹೇಬರ ಪೆನ್ನು ಕೆಳಗೆ ಬಿತ್ತು. ಹೆಂಗಸರಿಗೆ ನಕ್ಕು ನಕ್ಕು ಕಣ್ಣಲ್ಲಿ ನೀರು. ಸ್ವಲ್ಪ ಹೊತ್ತಿಗೆ ಕಿರುಚಾಟ ಸಣ್ಣದಾಯಿತು. ಅವನು ಒಂದು ಕೆನ್ನೆ ಮುಟ್ಟಿ ನೋಡಿಕೊಂಡ. ಆಮೇಲೆ ಇನ್ನೊಂದು.

ಸುಣ್ಣದಕ್ಕ ಮತ್ತೊಂದು ಬೊಗಸೆ ತುಂಬಿಕೊಂಡು ಅವನ ತಲೆಯ ಹತ್ತಿರ ಕುಕ್ಕರಗಾಲಲ್ಲಿ ಕೂತಳು.

"ಹೇಳಿ ಸಾರ್, ಉರೀತಿದೆಯಾ? ಇಲ್ಲ ಅಂದ್ರೆ ಸುಣ್ಣ ಸತ್ತಿದೆ ಅಂತಾಯ್ತು, ನಿಮ್ಮ ಕೈಯಾರೆ ಆ ಕಾಗದ ಹರೀರಿ. ಉರೀತಿದೆ ಅಂದ್ರೆ ಇಗೋ, ಮತ್ತೆ ಬಳೀತೀನಿ, ಇನ್ನೂ ಹನ್ನೊಂದು ಮೂಟೆ ಇದೆ."

ಸಾಹೇಬರೂ ಬಗ್ಗಿ ಅವನ ಬಾಯನ್ನೇ ನೋಡುತ್ತಿದ್ದರು.