ವೀರಯೋಧನ ಪಟ್ಟಿಗೆ ಕಪ್ಪು ಹೊಲಿಗೆ

ಒಂದು ಭಾನುವಾರದ ಆಟಕ್ಕೆ ಟೈಲರಿಗೆ ಎರಡು ಶರ್ಟು ಹೊಲಿಯುವಷ್ಟು ಹೊತ್ತು, ಒಂದು ಡಬ್ಬಿ ಬಿಸ್ಕತ್ತು, ಒಂದು ಕೆಟಲ್ ಟೀ ಮತ್ತು ಸೋಮವಾರ ಬೆಳಿಗ್ಗೆ ಗಿರಾಕಿಗಳಿಂದ ಒಂದಷ್ಟು ಬೈಗುಳ ತಗಲುತ್ತಿತ್ತು. ಅಷ್ಟಾದರೂ ಅದು ಅಗ್ಗವೆಂದೇ ಅವನ ಎಣಿಕೆ. ಇವತ್ತು ಮಾತ್ರ ಆಟದ ನಡುವೆಯೇ ಭಾವ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತಿದ್ದರು.

"ಸುಳ್ಳು ಹೇಳಿದ್ದೀನಿ. ನಿಯಮ ಅಂದ್ರೆ ನಿಯಮ. ಕಪ್ಪು ಹಾಕು."

"ಕೂತ್ಕೊಳ್ಳಿ ಭಾವ, ಟೀ ಆರ್ತಾ ಇದೆ."

ಭಾವ ಎಂದರೆ ಟೈಲರನ ಹೆಂಡತಿಯ ಅಣ್ಣ. ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಅವರ ಕೆಲಸ. ಪಾಸು ಮನೆಯಲ್ಲಿ ಮರೆತು ಬಂದ ಸ್ವಂತ ತಂಗಿಗೇ ಒಮ್ಮೆ ದಂಡ ಹಾಕಿದ ಮನುಷ್ಯ.

ಆಟ ನಡೆಯುತ್ತಿದ್ದುದು ಬಾಗಿಲು ಹಾಕಿದ ಅಂಗಡಿಯೊಳಗೆ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ. ಟೈಲರ್ ಕಥೆ ನಡೆಸುತ್ತಾನೆ. ಉಳಿದವರು ಒಂದೊಂದು ಪಾತ್ರವಾಗಿ, ತಾವೇನು ಮಾಡುತ್ತೇವೆಂದು ಹೇಳುತ್ತಾರೆ. ಅದು ಕೈಗೂಡಿತೋ ಇಲ್ಲವೋ ದಾಳ ತೀರ್ಮಾನಿಸುತ್ತದೆ. ಪಾತ್ರದ ಗುಣ ಒಳ್ಳೆಯದೋ ಕೆಟ್ಟದ್ದೋ ಎಂದು ಕಾಗದದಲ್ಲಿ ಬರೆದಿಡಬೇಕೆಂದು ಆಟದ ಪುಸ್ತಕ ಹೇಳುತ್ತಿತ್ತು. ಟೈಲರಿಗೆ ಕಾಗದದ ಮೇಲೆ ನಂಬಿಕೆಯಿಲ್ಲ. ಪ್ರತಿ ಪಾತ್ರಕ್ಕೂ ಒಂದು ಬಟ್ಟೆಯ ಪಟ್ಟಿ ಮಾಡಿದ್ದ. ಒಳ್ಳೆಯ ಕೆಲಸಕ್ಕೆ ಬಿಳಿ ಹೊಲಿಗೆ, ಕೆಟ್ಟದ್ದಕ್ಕೆ ಕಪ್ಪು. ಹೆಂಡತಿ ಆಡುವ ಕಳ್ಳಿಯ ಪಟ್ಟಿ ಕಾಡಿಗೆ ಬಳಿದಂತಿತ್ತು. ಜೊತೆಗೆ ಆಡಲು ಬರುವ ಹಲ್ಲಿನ ಡಾಕ್ಟರ ಮಾಂತ್ರಿಕನದು ಅಷ್ಟಿಷ್ಟು ಎರಡೂ. ಭಾವನ ವೀರಯೋಧನದು ನಾಲ್ಕು ವರ್ಷದಿಂದ ಅಚ್ಚ ಬಿಳಿ. ಆ ಯೋಧನ ಕತ್ತಿ ದೀಪದಂತೆ ಬೆಳಗುತ್ತದೆ. ಒಂದೇ ಒಂದು ಕಪ್ಪು ಹೊಲಿಗೆ ಬಿದ್ದರೂ ಆರಿಹೋಗುತ್ತದೆ, ಮತ್ತೆಂದೂ ಹೊತ್ತಿಕೊಳ್ಳುವುದಿಲ್ಲ.

ಇವತ್ತಿನ ಕಥೆಯಲ್ಲಿ ಸುರಂಗದ ಬಾಗಿಲ ಕಾವಲುಗಾರ, "ರಾಕ್ಷಸನ ಮರಿ ಕಂಡ್ರಾ? ಕೊಲ್ಲಬೇಕು" ಎಂದು ಕೇಳಿದ್ದ. ಆ ಮರಿಯೋ, ಯೋಧನ ನಿಲುವಂಗಿಯೊಳಗೇ ಅಡಗಿ ನಡುಗುತ್ತಿತ್ತು. ಭಾವ ಯೋಚಿಸಲೂ ಇಲ್ಲ, "ಇಲ್ಲ" ಅಂದುಬಿಟ್ಟಿದ್ದರು.

"ಒಂದು ಜೀವ ಉಳೀತಲ್ಲ ಇನ್ಸ್‌ಪೆಕ್ಟ್ರೇ," ಎಂದರು ಡಾಕ್ಟರು. "ಬಿಳೀನೇ ಹಾಕ್ಲಿ ಬಿಡಿ."

"ಟಿಕೆಟ್ ಇಲ್ದೆ ಸಿಕ್ಕಿಬಿದ್ದೋರೆಲ್ಲ ಒಂದೊಂದು ಕಾರಣ ಹೇಳ್ತಾರೆ ಡಾಕ್ಟ್ರೇ. ನಾನು ಯಾರನ್ನೂ ಬಿಟ್ಟಿಲ್ಲ. ನನ್ನನ್ನ ನಾನೇ ಬಿಟ್ಕೊಂಡ್ರೆ ನಾಳೆ ಯಾವ ಮುಖ ಇಟ್ಕೊಂಡು ಬಸ್ ಹತ್ಲಿ?"

"ಹಾಗಾದ್ರೆ ಕಪ್ಪು ಹಾಕಿಸ್ಕೊಂಡು ಕೂತ್ಕೋ ಅಣ್ಣ," ಎಂದಳು ತಂಗಿ.

"ಆಮೇಲೆ ನಂಗೇನಮ್ಮಾ ಕೆಲಸ ಇಲ್ಲಿ? ಬೆಳಕಿಲ್ದಿರೋ ವೀರ ಅಂದ್ರೆ ಸುಮ್ನೆ ಕಬ್ಬಿಣ ಹೊತ್ಕೊಂಡು ತಿರುಗೋ ಮುದುಕ. ಮುಂದಿನ ವಾರದಿಂದ ನೀವೇ ಆಡ್ಕೊಳ್ಳಿ." ಭಾವ ಚೀಲ ಹೆಗಲಿಗೇರಿಸಿದರು.

ಟೈಲರ್ ಸೂಜಿ ಹಿಡಿದು ಕೂತ. ಬಿಳಿ ಹಾಕಿದರೆ ಭಾವನಿಗೆ ಅದು ಭಿಕ್ಷೆ ಕೊಟ್ಟಂತೆ. ಕಪ್ಪು ಹಾಕಿದರೆ ಹೋಗಿಯೇಬಿಡುತ್ತಾರೆ, ಹೋಗಿ ಆ ಒಂಟಿ ಮನೆಯಲ್ಲಿ ಭಾನುವಾರವಿಡೀ ಬಸ್ಸಿನ ವೇಳಾಪಟ್ಟಿ ಓದುತ್ತಾರೆ. ಪ್ಯಾಂಟು ಬಿಗಿಯಾಯಿತೆಂದು ಬರುವ ಗಿರಾಕಿಗೆ ನೀವು ದಪ್ಪಗಾಗಿದ್ದೀರಿ ಎಂದು ಅವನು ಯಾವತ್ತೂ ಹೇಳಿದವನಲ್ಲ, ನನ್ನ ಅಳತೆ ತಪ್ಪಿತೆಂದೂ ಒಪ್ಪಿದವನಲ್ಲ. ಒಳಗೆ ಮಡಿಸಿಟ್ಟ ಬಟ್ಟೆ ಎಷ್ಟಿದೆ ನೋಡಿ, ಅಷ್ಟು ಬಿಚ್ಚುತ್ತಿದ್ದ.

ಅವನು ಸೂಜಿಗೆ ಕಪ್ಪು ದಾರ ಪೋಣಿಸಿ, ಬಿಳಿಯ ಸಾಲಿನ ಕೊನೆಗೆ ಒಂದು ಹೊಲಿಗೆ ಹಾಕಿದ.

"ದೀಪ ಆರಿತು ಭಾವ."

ತಂಗಿ ಗಂಡನನ್ನು ದುರುಗುಟ್ಟಿ ನೋಡಿದಳು.

"ಸುರಂಗದೊಳಗೆ ನಿಂತಿದ್ದೀರಿ," ಟೈಲರ್ ದಾರ ಕಡಿಯುತ್ತ ಮುಂದುವರಿಸಿದ. "ಗವ್ವೆನ್ನೋ ಕತ್ತಲು. ನಿಲುವಂಗಿಯೊಳಗಿಂದ ಏನೋ ಕೆಳಗಿಳೀತು. ರಾಕ್ಷಸರ ಮಕ್ಕಳಿಗೆ ಕತ್ತಲಲ್ಲಿ ಚೆನ್ನಾಗಿ ಕಣ್ಣು ಕಾಣುತ್ತೆ. ಒಂದು ಪುಟ್ಟ ಕೈ ನಿಮ್ಮ ಬೆರಳು ಹಿಡ್ಕೊಂಡು ಎಳೀತಿದೆ. ಏನ್ಮಾಡ್ತೀರಿ?"

ಭಾವ ಬಾಗಿಲ ಚಿಲಕದ ಮೇಲೆ ಕೈಯಿಟ್ಟು ನಿಂತರು.

"ಎಳೀತಿರೋದು ಎಡಕ್ಕೋ ಬಲಕ್ಕೋ?"

"ಎಡಕ್ಕೆ."

"ಎಡಕ್ಕೆ ಹಳ್ಳ ಇದೆ. ನಕ್ಷೆಯಲ್ಲಿ ಹಾಕಿದ್ದೀಯಲ್ಲ."

"ಆ ಮರಿಗೆ ನಕ್ಷೆ ಓದೋಕೆ ಬರುತ್ತಾ ಅಣ್ಣ?" ಎಂದಳು ತಂಗಿ. "ಸುಮ್ನೆ ಹಿಂದೆ ಹೋಗು. ಬಿದ್ರೆ ಎತ್ತೋಕೆ ನಾವಿಲ್ವಾ? ಕಳ್ಳಿ ನಾನು, ಇಷ್ಟು ವರ್ಷ ಕತ್ತಲಲ್ಲೇ ತಾನೆ ಸಂಸಾರ ಮಾಡಿದ್ದು!"

ಡಾಕ್ಟರಿಗೆ ನಗು ತಡೆಯಲಾಗದೆ ಬಾಯಲ್ಲಿದ್ದ ಬಿಸ್ಕತ್ತು ನೆತ್ತಿಗೇರಿತು. ಭಾವ ಬಂದು ಅವರ ಬೆನ್ನಿಗೆ ನಾಲ್ಕು ಗುದ್ದಿದರು. ಆಮೇಲೆ ಕುರ್ಚಿಯ ತುದಿಯಲ್ಲಿ ಕೂತು, ಪಟ್ಟಿಯನ್ನು ಕಣ್ಣ ಹತ್ತಿರ ಹಿಡಿದು ಆ ಒಂದು ಹೊಲಿಗೆಯನ್ನು ಉಗುರಿನಿಂದ ಎಳೆದು ನೋಡಿದರು.

"ಗಟ್ಟಿಯಾಗಿದೆ ತಾನೆ? ನಾಳೆ ಬಿಚ್ಕೊಂಡ್ರೆ ನಾನು ಒಪ್ಪಲ್ಲ."

"ಎರಡು ಗಂಟು ಹಾಕಿದ್ದೀನಿ ಭಾವ."

"ಹ್ಞೂಂ. ಮೆಲ್ಲಗೆ ನಡಿ ಅಂತ ಹೇಳು ಅದಕ್ಕೆ. ನಂಗೆ ಕಾಣ್ಸಲ್ಲ."

ಭಾವ ದಾಳ ಉರುಳಿಸಿದರು. ನಾಲ್ಕು ವರ್ಷ ಕಾಪಾಡಿಕೊಂಡು ಬಂದ ಬೆಳಕು ಹೋಗಿತ್ತು, ಅದು ಮತ್ತೆ ಬರುವುದಿಲ್ಲ. ಮರಿ ಬದುಕಿತ್ತು. ಭಾವ ಕಣ್ಣು ಮುಚ್ಚಿ, ಒಂದು ಕೈ ಮೇಜಿನ ಮೇಲೆ ಮುಂದಕ್ಕೆ ಚಾಚಿ, ಒಂದೊಂದು ಹೆಜ್ಜೆಗೂ ದಾರಿ ಕೇಳುತ್ತ ಸಂಜೆಯವರೆಗೂ ಆಡಿದರು.