ವಸ್ತು ಸಂಖ್ಯೆ ಮೂರು

ಅರಸೀಕೆರೆಯ ಒಂದು ಸರ್ಕಾರಿ ಕಚೇರಿಯಲ್ಲಿ ಮರಿಯಣ್ಣ ಮೂವತ್ತೊಂದು ವರ್ಷ ದಫೇದಾರನಾಗಿ ಸಾಹೇಬರ ಬಾಗಿಲಲ್ಲಿ ನಿಂತ. ಅವನಿಗೆ ಕೂರಲು ಒಂದು ಸ್ಟೂಲನ್ನೂ ಕೊಡಲಿಲ್ಲ.

ದಫೇದಾರನೆಂದರೆ ಬಿಳಿ ಕೋಟು, ಅದರ ಮೇಲೆ ಅಡ್ಡಲಾಗಿ ಕೆಂಪು ಪಟ್ಟಿ, ಎದೆಗೆ ಹಿತ್ತಾಳೆ ಬಿಲ್ಲೆ, ತಲೆಗೆ ಜರಿ ಅಂಚಿನ ಪೇಟ. ಇಷ್ಟನ್ನೂ ಹೇರಿಕೊಂಡು, ಸಾಹೇಬರು ನಡೆದರೆ ಮುಂದೆ ನಡೆಯಬೇಕು, ನಿಂತರೆ ಹಿಂದೆ ನಿಲ್ಲಬೇಕು, ಕಾರು ನಿಂತರೆ ಬಾಗಿಲು ತೆಗೆಯಬೇಕು. ಈ ವೇಷ ಹೊಲಿಸಿದವನು ಬೆಂಗಳೂರಿನ ದಂಡಿನಲ್ಲಿ ಕೂತಿದ್ದ ಯಾವನೋ ಕೆಂಪುಮೂತಿ ದೊರೆ. ತನ್ನೂರಿನಲ್ಲಿ ಅವನ ಮನೆ ಬಾಗಿಲನ್ನು ಅವನೇ ತೆಗೆಯುತ್ತಿದ್ದನೇನೋ. ಇಲ್ಲಿ ಬಂದು ಇಳಿದ ಕೂಡಲೇ ಕೈ ಮರಗಟ್ಟಿತು. ಅವನ ಕಡೆಯವರು ಹಡಗು ಹತ್ತಿ ಎಪ್ಪತ್ತೆಂಟು ವರ್ಷವಾಯಿತು. ಆದರೆ ಆ ಕೈರೋಗ ಮಾತ್ರ ಹಡಗು ಹತ್ತಲಿಲ್ಲ. ಚಾರ್ಜು ಕೊಡುವಾಗ ಒಬ್ಬ ಸಾಹೇಬ ಇನ್ನೊಬ್ಬನಿಗೆ ಬೀಗದ ಕೈ ಜೊತೆಗೆ ಅದನ್ನೂ ಕೊಟ್ಟು ಹೋಗುತ್ತಿದ್ದಾನೆ.

ಕಳೆದ ವರ್ಷ ಮರಿಯಣ್ಣನ ಎರಡೂ ಮಂಡಿ ಒಟ್ಟಿಗೇ ಕೈಕೊಟ್ಟವು. ಹೆಚ್ಚು ಹೊತ್ತು ನಿಲ್ಲಬಾರದು, ನೆಲದ ಮೇಲಂತೂ ಕೂರಲೇಬಾರದು ಎಂದು ಡಾಕ್ಟರು ಚೀಟಿ ಬರೆದರು. ಆ ಚೀಟಿ ಲಗತ್ತಿಸಿ ಮರಿಯಣ್ಣ ಸ್ಟೂಲಿಗೆ ಅರ್ಜಿ ಹಾಕಿದ. ಆಗ ನಿವೃತ್ತಿಗೆ ಎಂಟು ತಿಂಗಳಿತ್ತು. ಮನೆಗೆ ಹೋದಮೇಲೆ ಹೇಗೂ ಕೂತೇ ಇರುವುದು. ಆದರೆ ಅವನಿಗೊಂದು ಹಟ ಹುಟ್ಟಿಬಿಟ್ಟಿತ್ತು: ನೌಕರಿಯಲ್ಲಿರುವಾಗಲೇ, ಈ ಪೇಟ ಬಿಲ್ಲೆ ಮೈಮೇಲಿರುವಾಗಲೇ, ನಾಲ್ಕು ಜನ ನೋಡುವಂತೆ ಒಮ್ಮೆ ಕೂರಬೇಕು.

ಅರ್ಜಿ ಆರು ತಿಂಗಳು ಮೇಜಿಂದ ಮೇಜಿಗೆ ಸುತ್ತಿತು. ಮಂಡಿ ಚೆನ್ನಾಗಿದ್ದವರಿಗೂ ಅಷ್ಟು ಸುತ್ತಲು ಆಗುತ್ತಿರಲಿಲ್ಲ. ಅಷ್ಟರಲ್ಲಿ ಮೇಲಿನಿಂದ ಸುತ್ತೋಲೆ ಬಂತು: 'ವಸಾಹತುಶಾಹಿ ಕುರುಹು ನಿರ್ಮೂಲನ ಸಪ್ತಾಹ.' ಪ್ರತಿಯೊಂದು ಕಚೇರಿಯೂ ತನ್ನಲ್ಲಿ ಉಳಿದಿರುವ ಆಂಗ್ಲರ ಕಾಲದ ವಸ್ತುಗಳನ್ನು ಪಟ್ಟಿ ಮಾಡಿ ಹಳೇಬೀಡಿನ ಪ್ರದರ್ಶನಕ್ಕೆ ಕಳಿಸಬೇಕು. ಗುಲಾಮಗಿರಿ ಹೇಗಿತ್ತೆಂದು ಜನ ನೋಡಬೇಕು.

ಸಾಹೇಬ ಶರತ್‌ಚಂದ್ರ ಮರಿಯಣ್ಣನನ್ನು ಒಳಗೆ ಕರೆಸಿದರು. ಬೆನ್ನಿಗೆ ಬಿಳಿ ಟರ್ಕಿ ಟವೆಲು ಹೊದ್ದ ತಿರುಗುವ ಕುರ್ಚಿಯಲ್ಲಿ ಅರ್ಧ ಸುತ್ತು ತಿರುಗಿ ಹೇಳಿದರು:

"ನಿಮ್ಮ ಅರ್ಜಿ ನೋಡ್ದೆ ಮರಿಯಣ್ಣ. ಈ ಕುರ್ಚಿ, ಸ್ಟೂಲು ಎಲ್ಲಾ ಇಂಗ್ಲಿಷರು ತಂದಿಟ್ಟಿದ್ದು ಕಣ್ರೀ. ನಮ್ಮ ಸಂಸ್ಕೃತಿ ನೆಲದ ಮೇಲೆ ಕೂರೋದು. ಸಪ್ತಾಹದ ಹೊತ್ನಲ್ಲಿ ಸ್ಟೂಲು ಮಂಜೂರು ಮಾಡಿದ್ರೆ ಜನ ನಗಲ್ವಾ?"

"ನೆಲದ ಮೇಲೆ ಕೂತ್ರೆ ಏಳಕ್ಕಾಗಲ್ಲ ಸಾರ್."

"ಹಾಗಾದ್ರೆ ನಿಂತೇ ಇರಿ," ಎಂದು ಸಾಹೇಬರು ಇನ್ನರ್ಧ ಸುತ್ತು ತಿರುಗಿದರು.

ಪಟ್ಟಿ ಬರೆಯುವ ಕೆಲಸ ಶಿರಸ್ತೇದಾರ್ ಉಷಾರಾಣಿಯ ಪಾಲಿಗೆ ಬಂತು. ಒಂದು, ಚಾವಣಿಯಲ್ಲಿ ಪಂಖಾ ತೂಗುಹಾಕುತ್ತಿದ್ದ ಕಬ್ಬಿಣದ ಕೊಕ್ಕೆ. ಎರಡು, ಹಿತ್ತಾಳೆ ಕರೆಗಂಟೆ. ಮೂರನೆಯದಾಗಿ ಪೇಟ, ಪಟ್ಟಿ, ಬಿಲ್ಲೆ ಎಂದು ಬರೆದು ಸಾಹೇಬರಿಗೆ ತೋರಿಸಿದಳು.

"ಬರೀ ಬಟ್ಟೆ ಇಟ್ರೆ ಬೊಂಬೆ ಅಂಗಡಿ ಥರ ಕಾಣತ್ತೆ ಮೇಡಂ. ಮರಿಯಣ್ಣನ ಸಮೇತ ಕಳಿಸಿ," ಎಂದರು ಸಾಹೇಬರು.

ಸರ್ಕಾರಿ ನಮೂನೆಯಲ್ಲಿ ಒಮ್ಮೆ ಸಾಲು ಬಿದ್ದರೆ ಎಲ್ಲ ಅಂಕಣವೂ ತುಂಬಲೇಬೇಕು. ಉಷಾರಾಣಿ ವರಾಂಡಕ್ಕೆ ಬಂದು ಪೆನ್ನು ಹಿಡಿದು ನಿಂತಳು.

"ತಪ್ಪು ತಿಳ್ಕೋಬೇಡಿ ಮರಿಯಣ್ಣ. 'ವಸ್ತುವಿನ ಸ್ಥಿತಿ' ಅಂತ ಒಂದು ಕಾಲಂ ಇದೆ. ಸುಸ್ಥಿತಿ ಅಂತ ಬರೀಲಾ?"

"ಸುಳ್ಳು ಯಾಕ್ ಬರೀತೀರಾ ಮೇಡಂ? ಮಂಡಿ ಸವೆದೈತೆ ಅಂತ ಬರೀರಿ."

ಅವಳು ಹಾಗೇ ಬರೆದಳು. ಸಾಹೇಬರು ಓದದೆ ರುಜು ಹಾಕಿದರು. ನಮೂನೆಯ ತಳದಲ್ಲಿ ಒಂದು ಷರತ್ತು ಅಚ್ಚಾಗಿತ್ತು: 'ಪಟ್ಟಿಯಲ್ಲಿರುವ ಯಾವುದೇ ವಸ್ತುವನ್ನು ಪ್ರದರ್ಶನದ ವೇಳೆ ಸ್ಥಳದಿಂದ ಕದಲಿಸತಕ್ಕದ್ದಲ್ಲ.'

ವಿಷಯ ಕೇಳಿ ಮನೆಯಲ್ಲಿ ಹೆಂಡತಿ ಅಣ್ಣಮ್ಮ ಕುದಿದಳು. "ಹಳೇಬೀಡಲ್ಲಿ ಕಲ್ಲಿನ ಬೊಂಬೆ ಕಮ್ಮಿ ಬಿದ್ದಾವಾ, ಈ ಬೊಂಬೇನೂ ಕರೀತಾವ್ರೆ? ಹೋಗ್ಲಿ, ಅವಕ್ಕಾದ್ರೂ ನಿಲ್ಲೋಕೆ ಕಲ್ಲಿನ ಮಂಡಿ ಐತೆ!"

"ಆರ್ಡರ್ ಆಗೈತೆ ಕಣೇ."

"ಸಾಮಾನಿಗೆ ಯಾವಾನ್ರೀ ಆರ್ಡರ್ ಕೊಡ್ತಾನೆ?"

ಆ ಮಾತು ಮರಿಯಣ್ಣನ ತಲೆಯೊಳಗೆ ಕೂತಿತು. ಕೂರುವುದಕ್ಕೆ ಅದಕ್ಕೆ ಯಾರ ಮಂಜೂರಾತಿಯೂ ಬೇಕಿರಲಿಲ್ಲ.

ಪ್ರದರ್ಶನ ನಡೆದದ್ದು ಹಳೇಬೀಡಿನ ಒಂದು ಕಲ್ಯಾಣ ಮಂಟಪದಲ್ಲಿ. ಗೋಡೆಯುದ್ದಕ್ಕೂ ಹಗ್ಗ, ಹಗ್ಗಕ್ಕೆ 'ಮುಟ್ಟಬೇಡಿ' ಎಂಬ ಬೋರ್ಡು. ಹಗ್ಗದಾಚೆ ಕೊಕ್ಕೆ, ಗಂಟೆ, ಆಮೇಲೆ ಮರಿಯಣ್ಣ. ಅವನ ಎದೆಗೆ ನೇತುಹಾಕಿದ್ದ ಚೀಟಿಯಲ್ಲಿ 'ವಸ್ತು ಸಂಖ್ಯೆ 3. ದಫೇದಾರ್. ಕಾಲ: ಆಂಗ್ಲರದು. ಸ್ಥಿತಿ: ಮಂಡಿ ಸವೆದಿದೆ' ಎಂದಿತ್ತು. ಅವನ ಎಡಗಡೆಗೆ ವಸ್ತು ಸಂಖ್ಯೆ ನಾಲ್ಕು: ಅರೇಹಳ್ಳಿ ಕಡೆಯ ಕಾಫಿ ತೋಟದ ಬಂಗಲೆಯಿಂದ ತೋಟದ ಮಾಲೀಕ ದೇವೀರಪ್ಪ ಕಳಿಸಿದ್ದ ದೊರೆಯ ಆರಾಮ ಕುರ್ಚಿ. ಬೆತ್ತದ ಬೆನ್ನು, ಮೊರದಷ್ಟು ಅಗಲದ ತೋಳು. ಎರಡೂ ಕಾಲನ್ನು ನೀಡಿ ಮಲಗುವಂಥ ಕುರ್ಚಿ. ಒಂದು ತೋಳಿನ ಮೇಲೆ ಗ್ಲಾಸು ಇಟ್ಟ ಗುಂಡನೆಯ ಗುರುತು ಇನ್ನೂ ಇತ್ತು.

ಶಾಲೆಯ ಹುಡುಗಿಯರು ಸಾಲಾಗಿ ಬಂದರು. ಭವ್ಯಾ ಎಂಬುವಳು ಚೀಟಿ ಓದಿ ಕಣ್ಣರಳಿಸಿದಳು.

"ಅಂಕಲ್, ನೀವು ಮೇಣದೋರಾ?"

"ಮಾಂಸದೋನೇ ಕಣವ್ವ."

"ಅಲ್ಲಾಡಿ ನೋಡಾಣ?"

ಮರಿಯಣ್ಣ ಹುಬ್ಬು ಕುಣಿಸಿದ. ಹುಡುಗಿಯರು ಹೋ ಎಂದು ನಕ್ಕು, ಹೊಯ್ಸಳೇಶ್ವರನ ಗುಡಿಗಿಂತ ಇದೇ ಚೆನ್ನಾಗಿದೆ ಎಂದುಕೊಂಡು ಹೋದರು.

ಹನ್ನೊಂದರ ಹೊತ್ತಿಗೆ ಜಾವಗಲ್ಲಿನ ಮೇಲೆ ಬರುವ ಬಸ್ಸು ಹಿಡಿದು ಅಣ್ಣಮ್ಮ ಬುತ್ತಿ ತಂದಳು. ಗಂಡನ ಕಾಲು ಗಡಗಡ ನಡುಗುತ್ತಿದ್ದುದು ಪ್ಯಾಂಟಿನ ಮೇಲೇ ಕಾಣುತ್ತಿತ್ತು.

"ಆ ಕುರ್ಚಿ ಯಾರಿಗ್ರೀ?"

"ಯಾರಿಗೂ ಇಲ್ಲ. ಅದೂ ನನ್ನಂಗೇ ಸಾಮಾನು. ನಂಬರ್ ನಾಕು."

"ಅಂದ್ರೆ ನಿಮ್ಮ ಓರಗೆಯೋನೇ. ಓರಗೆಯೋನ ತೊಡೆ ಮೇಲೆ ಕೂತ್ರೆ ತಪ್ಪೇನು?"

"'ಮುಟ್ಟಬೇಡಿ' ಅಂತ ಬೋರ್ಡು ಐತಲ್ಲೇ."

"ಬೋರ್ಡು ಹಗ್ಗದಿಂದ ಈಚೆಗಿರೋ ನಮಗೆ. ಆಚೆಗಿರೋ ನಿಮಗಲ್ಲ."

ಮರಿಯಣ್ಣ ಬೋರ್ಡಿನ ಕಡೆ ನೋಡಿದ. ಅದು ನಿಜಕ್ಕೂ ಜನರ ಕಡೆಗೇ ಮುಖ ಮಾಡಿತ್ತು. ಎರಡು ಹೆಜ್ಜೆ ಪಕ್ಕಕ್ಕೆ ಸರಿದ. ತೋಳು ಹಿಡಿದು, ಹಲ್ಲು ಕಚ್ಚಿ, ದೊರೆಯ ಕುರ್ಚಿಯೊಳಕ್ಕೆ ಇಳಿದ. ಬೆತ್ತ ಕಿರುಗುಟ್ಟಿತು. ಮೂವತ್ತೊಂದು ವರ್ಷದ ಭಾರ ಸೊಂಟದಿಂದ ಬೆತ್ತಕ್ಕೆ ವರ್ಗವಾಯಿತು. ಒಂದು ಕಾಲನ್ನು ಎತ್ತಿ ತೋಳಿನ ಮೇಲೆ ನೀಡಿದ. ಅದು ಕಾಲು ನೀಡಲೆಂದೇ ಮಾಡಿದ್ದು. 'ನನ್ಮಕ್ಳು, ಹಿಂಗಿದ್ದಿದ್ದಕ್ಕೇ ಇನ್ನೂರು ವರ್ಷ ಏಳಲಿಲ್ಲ' ಎಂದುಕೊಂಡ.

ಜನ ಮುತ್ತಿಕೊಂಡರು. ಇದೂ ಪ್ರದರ್ಶನದ ಭಾಗವೇ ಎಂದು ತಿಳಿದು ಕೈ ಮುಗಿದವರೂ ಇದ್ದರು, ಮೊಬೈಲು ಹಿಡಿದವರೂ ಇದ್ದರು.

ಆಗ ಹೊರಗೆ ಮುಖ್ಯ ಅತಿಥಿಗಳ ಕಾರು ಬಂದು ನಿಂತಿತು. ನಿಂತೇ ಇತ್ತು. ಒಳಗೆ ಅತಿಥಿಗಳು ಬಾಗಿಲು ತಾನಾಗಿ ತೆರೆಯುವುದನ್ನು ಕಾಯುತ್ತಾ ಶಾಲು ಸರಿಪಡಿಸಿಕೊಂಡರು. ಹೊರಗೆ ಹಾರ ಹಿಡಿದ ಶರತ್‌ಚಂದ್ರ ಬಾಗಿಲಿಗೆ ಒಂದು ಗೇಣು ದೂರದಲ್ಲಿ ನಿಂತು ಸುತ್ತಮುತ್ತ ನೋಡಿದರು. ಅವರ ಕೈಯೂ ಮೇಲೇಳಲಿಲ್ಲ. ಕೊನೆಗೆ ಹಾರ ಹಿಡಿದುಕೊಂಡೇ ಒಳಗೆ ಓಡಿಬಂದರು.

"ಏನ್ರೀ ಇದು! ಏಳ್ರೀ ಮೇಲೆ! ಅತಿಥಿಗಳು ಕಾರಲ್ಲೇ ಇದ್ದಾರೆ, ಬಾಗಿಲು ತೆಗೀರಿ ಹೋಗಿ."

"ಬಾಗಿಲು ಕೆಟ್ಟೈತಾ ಸಾರ್?"

"ಬಾಗಿಲು ಚೆನ್ನಾಗೇ ಇದೆ!"

"ಮತ್ತೆ ಅವರ ಕೈ?"

ಹಗ್ಗದ ಈಚೆ ಯಾರೋ ಕಿಸಕ್ಕೆಂದರು. ಸಾಹೇಬರ ಕಿವಿ ಕೆಂಪಗಾಯಿತು. "ಗುಲಾಮಗಿರಿ ಅಳಿಸೋ ಕಾರ್ಯಕ್ರಮ ಇದು, ಮರ್ಯಾದೆ ಕಳೀಬೇಡಿ! ಸಸ್ಪೆಂಡ್ ಮಾಡ್ತೀನಿ. ಪಿಂಚಣಿ ನಿಲ್ಲಿಸ್ತೀನಿ."

ಉಷಾರಾಣಿ ಫೈಲು ತಬ್ಬಿಕೊಂಡು ಮೆಲ್ಲಗೆ ಅಂದಳು: "ಸಾರ್... ಪಟ್ಟಿಯಲ್ಲಿರೋ ವಸ್ತು ಕದಲಿಸೋ ಹಾಗಿಲ್ಲ. ತಮ್ಮದೇ ರುಜು ಇದೆ."

ಹೊರಗೆ ಕಾರು ಒಮ್ಮೆ ಹಾರ್ನ್ ಹೊಡೆಯಿತು. ಪಿಂಚಣಿ ಎಂಬ ಮಾತಿಗೆ ಮರಿಯಣ್ಣ ಅಣ್ಣಮ್ಮನ ಕಡೆ ನೋಡಿದ. ಅವಳು ಹಗ್ಗಕ್ಕೆ ಒರಗಿ ಬುತ್ತಿಯ ಗಂಟು ಬಿಚ್ಚುತ್ತಿದ್ದಳು.

"ಕೊನೇ ಸಲ ಹೇಳ್ತಿದ್ದೀನಿ ಮರಿಯಣ್ಣ. ಎದ್ದೇಳಿ."

ಮರಿಯಣ್ಣ ಪೇಟ ತೆಗೆದು, ದೊರೆ ಗ್ಲಾಸು ಇಡುತ್ತಿದ್ದ ಗುಂಡು ಗುರುತಿನ ಮೇಲೆ ಇಟ್ಟ. ಇನ್ನೊಂದು ಕಾಲನ್ನೂ ಎರಡೂ ಕೈಯಿಂದ ಎತ್ತಿ ಮೇಲೆ ನೀಡಿಕೊಂಡ.

"ಏಳಲ್ಲ ಸಾರ್."