ಅಡಿಗೊಂದು ಇಂಚು

ನಮ್ಮವರು ಡ್ರಾಯಿಂಗ್ ಮೇಷ್ಟ್ರು. ನಿವೃತ್ತರಾದ ಮೇಲೆ ಅವರ ಜೊತೆಯವರೆಲ್ಲ ವಾಕಿಂಗ್ ಹಿಡಿದರೆ, ಇವರು ಹಳೆಯ ಕಾಲದ ಕೋಣೆಗಳನ್ನು ಹಿಡಿದರು. ಮಡಿಲಲ್ಲಿ ಇಟ್ಟುಕೊಳ್ಳುವಷ್ಟು ಪುಟ್ಟ ಕೋಣೆಗಳು. ನೂರು ವರ್ಷದ ಹಿಂದಿನ ಕ್ಷೌರದಂಗಡಿ, ಉಗಿಬಂಡಿ ಕಾಲದ ರೈಲ್ವೆ ವೇಟಿಂಗ್ ರೂಮು, ಯಾವುದೋ ವಕೀಲರ ಓದುವ ಮನೆ. ಎಲ್ಲವೂ ಒಂದು ಅಡಿಗೆ ಒಂದು ಇಂಚಿನ ಲೆಕ್ಕ. "ಅಡಿಗೆ ಇಂಚು, ಅಡಿಗೆ ಇಂಚು" ಎಂದು ದಿನವಿಡೀ ಅದೇ ಜಪ. ನನಗೆ ಗೊತ್ತಿದ್ದ ಅಡಿಗೆ ಒಂದೇ, ಒಲೆಯ ಮೇಲಿನದು. ಅದನ್ನು ಆರಲು ಬಿಟ್ಟು ಉಣ್ಣುವುದು ಅವರ ಹೊಸ ಅಭ್ಯಾಸವಾಯಿತು.

ಗೋಡೆ ನಿಲ್ಲಿಸಿ ಬಣ್ಣ ಬಳಿದರೆ ಕೋಣೆ ಮುಗಿಯುವುದಿಲ್ಲವಂತೆ. ಅದಕ್ಕೆ ವಯಸ್ಸು ಬರಿಸಬೇಕು. ಹೊಸ್ತಿಲನ್ನು ಸ್ಯಾಂಡ್ ಪೇಪರಿನಲ್ಲಿ ಉಜ್ಜಿ ನಡುವೆ ಸವೆಸಬೇಕು, ಪರದೆಯನ್ನು ಟೀ ಡಿಕಾಕ್ಷನ್ನಿನಲ್ಲಿ ಅದ್ದಿ ಮಾಸಿಸಬೇಕು, ಗೋಡೆಗೆ ಬಿರುಕು ಬರೆಯಬೇಕು. ಇದಕ್ಕೆಲ್ಲ ಅವರಿಟ್ಟ ಹೆಸರು 'ಕಳೆ ಬರಿಸೋದು'. "ಹೊಸದಕ್ಕೆ ಹೊಳಪಿರುತ್ತೆ ಕಣೇ, ಕಳೆ ಇರಲ್ಲ" ಎನ್ನುತ್ತಿದ್ದರು. ಗದ್ದೆಯಲ್ಲಿ ಕಿತ್ತು ಬಿಸಾಡುವುದನ್ನೂ ಕಳೆ ಅಂತಲೇ ಕರೆಯುತ್ತಾರೆ ಎಂದು ನಾನು ನೆನಪಿಸಿದರೆ ಭೂತಗನ್ನಡಿಯಿಂದ ತಲೆಯೆತ್ತುತ್ತಿರಲಿಲ್ಲ.

ನಾನು ಮೊದಲಿಂದ ಹೊಲಿಗೆ ಅಂಗಡಿ ಇಟ್ಟವಳು. ಹಾಗಾಗಿ ಕೋಣೆಗಳ ಪರದೆ, ಹಾಸಿಗೆ, ದಿಂಬು ನನ್ನ ಪಾಲು. ಗೇಣುದ್ದವೂ ಇಲ್ಲದ ಹಾಸಿಗೆಗೆ ಅಂಚು ಹೊಲಿಯುವ ಕಷ್ಟ ಹೊಲಿದವರಿಗೇ ಗೊತ್ತು. ಬಂದವರೆಲ್ಲ ಕುರ್ಚಿ ಮೇಜು ನೋಡಿ ಮೇಷ್ಟ್ರನ್ನು ಹೊಗಳಿ ಹೋಗುತ್ತಾರೆ, ನನ್ನ ಅಂಚನ್ನು ಯಾರೂ ಕೇಳುವುದಿಲ್ಲ. ಇರಲಿ.

ನಮಗೆ ಒಬ್ಬಳೇ ಮಗಳು, ಗುಬ್ಬಿ. ನಿಜವಾದ ಹೆಸರು ಬೇರೆ ಇದೆ, ಕರೆದು ಅಭ್ಯಾಸವಿಲ್ಲ. ಅವಳಿಗೆ ಗೊತ್ತಾದ ಸಂಬಂಧ ಹಳೆಯ ಮನೆತನದ್ದು, ಮನೆಯೂ ಹಳೆಯದು. ಮಾತುಕತೆಗೆ ಹೋದ ದಿನ ನಾನು ಹುಡುಗನ ಮುಖ ನೋಡುತ್ತಿದ್ದರೆ ನಮ್ಮವರು ಕಿಟಕಿಯ ಕೆತ್ತನೆ ನೋಡುತ್ತಿದ್ದರು. ಹುಡುಗ ನಯವಾಗಿ ಮಾತಾಡಿದ, ನನಗೂ ಬೇಡವೆನ್ನಲು ಕಾರಣ ಸಿಗಲಿಲ್ಲ. "ಎಂಥ ಮಹಡಿ ಕೋಣೆ! ಮುತ್ತಜ್ಜನ ಕಾಲದ ಮಂಚ!" ಎಂದು ದಾರಿಯುದ್ದಕ್ಕೂ ಇವರ ವರ್ಣನೆ. ಹುಡುಗ ಹೇಗೆ ಎಂದು ಕೇಳಿದರೆ, "ಚೆನ್ನಾಗಿದ್ದಾನಲ್ಲ" ಎಂದರು.

ಮದುವೆಯಾದ ಮೇಲೆ ಗುಬ್ಬಿ ಬರುವುದು ಕಡಿಮೆಯಾಯಿತು. ಫೋನಿನಲ್ಲಿ ನಾನು ಹತ್ತು ಮಾತಾಡಿದರೆ ಅವಳದ್ದು ಒಂದು, ಅದೂ "ಚೆನ್ನಾಗಿದ್ದೀನಮ್ಮ" ಅಂತ. ಹೊಸ ಸಂಸಾರ, ಪುರುಸೊತ್ತಿರುವುದಿಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ನಮ್ಮವರಿಗೆ ಮಾತ್ರ ಆ ಮಹಡಿ ಕೋಣೆಯ ಹುಚ್ಚು ಬಿಡಲಿಲ್ಲ. ಪುಸ್ತಕದ ಚಿತ್ರ ನೋಡಿ ಕಟ್ಟಿದ್ದು ಸಾಕು, ಕಣ್ಣಾರೆ ಕಂಡ ಕೋಣೆ ಕಟ್ಟಿ ಮಗಳು ಅಳಿಯನಿಗೇ ಉಡುಗೊರೆ ಕೊಡುತ್ತೇನೆ ಎಂದು ಹೊರಟರು. ಅಳಿಯನಿಗೆ ಫೋನ್ ಮಾಡಿ ಒಪ್ಪಿಗೆ ಪಡೆದರು. "ನಮ್ಮ ಮನೆ ಅಂದ್ರೆ ಹೆಮ್ಮೆ ಅಲ್ವಾ ಮಾವ, ಎಷ್ಟು ಫೋಟೋ ಬೇಕಾದ್ರೂ ಇವಳು ತೆಗೆದು ಕಳಿಸ್ತಾಳೆ" ಎಂದನಂತೆ.

ಫೋಟೋಗಳು ಬಂದವು. ಕಿಟಕಿ ಒಂದೆರಡು, ಮಂಚ ಒಂದು. ಬಾಗಿಲಿನದು ಮಾತ್ರ ಮೇಲಿಂದ ಮೇಲೆ: ಚಿಲಕ ಹತ್ತಿರದಿಂದ, ಕೆಳಗಿನ ಹಲಗೆ ಹತ್ತಿರದಿಂದ, ಬಾಗಿಲ ಮುಂದಿನ ನೆಲ. ನಮ್ಮವರು ಖುಷಿಯಿಂದ ಫೋನನ್ನು ನನ್ನ ಮೂಗಿಗೆ ಹಿಡಿದರು. "ನೋಡು, ಏನನ್ನ ತೆಗೀಬೇಕು ಅಂತ ಗೊತ್ತು ಅವಳಿಗೆ. ನನ್ನ ಕಣ್ಣೇ ಬಂದಿದೆ." ಆಮೇಲೆ ಅವಳಿಗೆ ಧ್ವನಿ ಸಂದೇಶ ಕಳಿಸಿದರು, ಇಡೀ ಬೀದಿಗೆ ಕೇಳುವಂತೆ: "ಗುಬ್ಬೀ, ಆ ಬಾಗಿಲಿಗೆ ಏನ್ ಕಳೆ ಅಮ್ಮಾ! ಇನ್ನೂ ಕಳಿಸು!"

ತಿಂಗಳುಗಟ್ಟಲೆ ಕೂತು ಕಟ್ಟಿದರು. ಫೋಟೋದಲ್ಲಿದ್ದ ಒಂದು ಗೀರನ್ನೂ ಬಿಡಲಿಲ್ಲ. ಬಾಗಿಲ ಕೆಳಹಲಗೆ ಸೀಳಿತ್ತು, ಅದರ ಮೇಲೆ ಅಡ್ಡಪಟ್ಟಿ ಹೊಡೆದಿತ್ತು. ಇವರೂ ಸೀಳಿ ಪಟ್ಟಿ ಹೊಡೆದರು. ಚಿಲಕದ ಕೆಳಗೆ ಹಿಂದಿನ ಚಿಲಕಗಳ ಸ್ಕ್ರೂ ತೂತುಗಳಿದ್ದವು, ಸೂಜಿಯಿಂದ ಚುಚ್ಚಿದರು. ನೆಲದ ಗೆರೆಗಳನ್ನು ಒಂದೆಳೆ ಕೂದಲಿನ ಕುಂಚದಲ್ಲಿ ಉಸಿರು ಬಿಗಿಹಿಡಿದು ಬರೆದರು.

ಮಂಚ ಕೊನೆಗೆ ತಯಾರಾಯಿತು. ಮಧ್ಯಾಹ್ನ ಊಟ ಮುಗಿಸಿ ಅವರು ಕುರ್ಚಿಯಲ್ಲೇ ತೂಕಡಿಸುತ್ತಿದ್ದರು. ನಾನು ಹಾಸಿಗೆ ಹೊಲಿದು ಮುಗಿಸಿದ್ದೆ, ಮಂಚದ ಮೇಲೆ ಹಾಸಿ ಕೋಣೆಯೊಳಗೆ ಇಟ್ಟೆ. ಛಾವಣಿ ಇನ್ನೂ ಕೂರಿಸಿರಲಿಲ್ಲ. ಮೇಲಿನಿಂದ ಬಗ್ಗಿ ನೋಡಿದೆ. ಬಿಡಿ ಬಿಡಿ ಫೋಟೋದಲ್ಲಿ ಒಂದೊಂದೇ ಕಂಡದ್ದು ಇಲ್ಲಿ ಒಟ್ಟಿಗೆ ಕಂಡಿತು. ನೆಲದ ಗೆರೆಗಳು ಮಂಚದ ಕಾಲಿನಿಂದಲೇ ಹೊರಟಿದ್ದವು. ಸುಮ್ಮನೆ ಬೆರಳಿನಿಂದ ಮಂಚವನ್ನು ಆ ಗೆರೆಯ ಮೇಲೆ ತಳ್ಳಿದೆ. ಅದು ಹೋಗಿ ಬಾಗಿಲಿಗೆ ಒತ್ತಿಕೊಂಡು ನಿಂತಿತು. ಬಾಗಿಲು ತೆಗೆಯಲು ಬರುವಂತಿರಲಿಲ್ಲ.

ಅಂಗೈ ಹುಣ್ಣು ನೋಡಲು ಕನ್ನಡಿ ಯಾಕೆ ಎನ್ನುತ್ತಾರೆ. ನಮಗೆ ಅಂಗೈಯಗಲದ ಕೋಣೆಯೇ ಬೇಕಾಯಿತು.

"ಏಳ್ರೀ" ಎಂದೆ. "ಏಳಿ, ಇದೇನಿದು ನೋಡಿ."

"ಮಂಚ ಎಳೆದು ಕಸ ಗುಡಿಸ್ತಾರೆ. ಹಳೆ ಮನೆ, ಗೆರೆ ಬೀಳುತ್ತೆ."

"ಕಸ ಗುಡಿಸೋಕೆ ಬಾಗಿಲಿಗೆ ಯಾರಾದ್ರೂ ಮಂಚ ಒತ್ತುತ್ತಾರಾ? ಈ ಹಲಗೆ ಯಾಕೆ ಸೀಳಿದೆ?"

"ಮರ ಅಲ್ವಾ, ಸವೆಯುತ್ತೆ. ನಿಂದೊಂದು, ಹಗ್ಗ ಕಂಡ್ರೆ ಹಾವು ಅಂತೀಯ."

"ಸವೆದದ್ದು ಯಾವುದು ಹರಿದದ್ದು ಯಾವುದು ಅಂತ ನನಗೆ ಹೇಳ್ಕೊಡಬೇಡಿ! ಕೈ ಮುಟ್ಟೋ ಕಡೆ ಸವೆಯುತ್ತೆ. ಇಲ್ಲಿ ಕೈ ಮುಟ್ಟಲ್ಲ ಕಣ್ರೀ, ಕಾಲು ಮುಟ್ಟುತ್ತೆ. ಯಾರೋ ಹೊರಗಿಂದ ಒದ್ದಿದ್ದಾರೆ. ಒಳಗಿರೋಳು ಮಂಚ ತಳ್ಳಿದ್ದಾಳೆ."

ಅವರು ಸ್ಕೇಲು ತೆಗೆದುಕೊಂಡು ಸೀಳಿನ ಎತ್ತರ ಅಳೆದರು. ಇಂಚನ್ನು ಅಡಿ ಮಾಡಿಕೊಂಡರು. ಎದ್ದು ನಮ್ಮ ಬಾಗಿಲ ಬಳಿ ಹೋಗಿ ಅಷ್ಟೇ ಎತ್ತರಕ್ಕೆ ಕಾಲೆತ್ತಿ ಪಾದ ಇಟ್ಟು ನೋಡಿದರು. ಪಾದ ಹಾಗೇ ಇತ್ತು, ಇಳಿಸಲಿಲ್ಲ. ನಾನೇ ಹೋಗಿ ತೋಳು ಹಿಡಿದುಕೊಂಡೆ, ಬೀಳುತ್ತಾರೆಂದು.

ಫೋನ್ ಮಾಡುವುದು ಬೇಡ ಎಂದೆ. ಸಿಕ್ಕ ಬಸ್ ಹತ್ತಿದೆವು.

ಬಾಗಿಲು ತೆಗೆದವನು ಅಳಿಯನೇ. "ಅರೆ, ಬನ್ನಿ ಅತ್ತೆ, ಬನ್ನಿ ಮಾವ. ಒಂದು ಮಾತು ಹೇಳಿ ಬರಬಾರ್ದಾ?" ಅದೇ ನಯ. ನಾನು ಚಪ್ಪಲಿ ಬಿಟ್ಟದ್ದೂ ನೆನಪಿಲ್ಲ, ನೇರ ಮಹಡಿ ಹತ್ತಿದೆ. ಗುಬ್ಬಿ ಒಗೆದ ಬಟ್ಟೆ ಮಡಿಸುತ್ತಿದ್ದಳು. ನನ್ನನ್ನು ಕಂಡು ನಗಲು ಹೋದಳು, ಆಗಲಿಲ್ಲ. ನಾನು ಮಂಚಕ್ಕೆ ಮೊಣಕಾಲು ಕೊಟ್ಟು ತಳ್ಳಿದೆ. ಅಷ್ಟು ದೊಡ್ಡ ಮಂಚ ಎಣ್ಣೆ ಹಚ್ಚಿದ ಹಾಗೆ ಗೆರೆಯ ಮೇಲೆ ಸರಿಯಿತು. ನನಗೆ ಆಗ ಬಂದ ಸಿಟ್ಟಿನಲ್ಲಿ ಆ ಮನೆಗೆ ಬೆಂಕಿ ಇಡಬಹುದಿತ್ತು. ಮಗಳನ್ನು ಎದೆಗೆ ಒತ್ತಿಕೊಂಡೆ. ಮದುವೆಯಲ್ಲಿ ಅಳತೆ ಹಿಡಿದು ನಾನೇ ಹೊಲಿದ ರವಿಕೆ ಅವಳ ಮೈಮೇಲೆ ಜೋತುಬಿದ್ದಿತ್ತು.

ನಮ್ಮವರು ಹೊಸ್ತಿಲಲ್ಲೇ ನಿಂತಿದ್ದರು. ಚಿಲಕದ ಕೆಳಗಿನ ತೂತುಗಳ ಮೇಲೆ ಬೆರಳಾಡಿಸುತ್ತ ಕೇಳಿದರು, "ಯಾಕಮ್ಮ ನಮಗೆ ಒಂದು ಮಾತು ಹೇಳಲಿಲ್ಲ?"

ಗುಬ್ಬಿ ನನ್ನ ಭುಜದ ಮೇಲಿಂದ ಅವರನ್ನು ನೋಡಿದಳು.

"ಹೇಳಿದೆನಲ್ಲಪ್ಪ. ಫೋನು ಇವರೇ ತೆಗೆದು ನೋಡ್ತಾರೆ, ಬರೆಯೋ ಹಾಗಿಲ್ಲ, ಮಾತಾಡೋ ಹಾಗಿಲ್ಲ. ನಿನ್ನ ಕೋಣೆಗೆ ಅಂತ ತೆಗೆದ ಫೋಟೋಗೆ ಮಾತ್ರ ಏನೂ ಅನ್ನಲಿಲ್ಲ. ಸಣ್ಣ ಗೀರನ್ನೂ ಬಿಡೋನಲ್ಲ ನಮ್ಮಪ್ಪ, ನೋಡಿದ ತಕ್ಷಣ ಗೊತ್ತಾಗುತ್ತೆ, ಓಡಿ ಬರ್ತಾನೆ ಅಂದ್ಕೊಂಡೆ." ಅವಳ ಧ್ವನಿ ಏರಲೂ ಇಲ್ಲ, ಒಡೆಯಲೂ ಇಲ್ಲ. "ನೀನು ಏನ್ ಕಳೆ ಅಂದೆ. ಇನ್ನೂ ಕಳಿಸು ಅಂದೆ. ಇವರು ಅದನ್ನ ಸ್ಪೀಕರಲ್ಲಿ ಹಾಕಿ ಹಾಕಿ ಕೇಳಿ ನಕ್ಕರು."

ಇಳಿದು ಬರುವಾಗ ಅಳಿಯ ಮೆಟ್ಟಿಲ ಬುಡದಲ್ಲಿ ನಿಂತಿದ್ದ. "ಸಂಸಾರ ಅಂದ್ಮೇಲೆ ಒಂದು ಮಾತು ಬರುತ್ತೆ, ಹೋಗುತ್ತೆ ಮಾವ" ಎಂದ. ಜೀವಮಾನದಲ್ಲಿ ಯಾವ ಹುಡುಗನಿಗೂ ಪೆಟ್ಟು ಕೊಡದ ಮೇಷ್ಟ್ರು ಇವರು. ಗುಬ್ಬಿಯ ಬ್ಯಾಗನ್ನು ಎದೆಗೆ ಅಡ್ಡ ಹಿಡಿದು ಅವನಿಗೂ ಮಗಳಿಗೂ ನಡುವೆ ಬಂದು ನಿಂತರು. "ದಾರಿ ಬಿಡು" ಎಂದರು. ಅವನಿಗೆ ಅವರು ಏಕವಚನ ಬಳಸಿದ್ದು ಅದೇ ಮೊದಲು. ಅವನು ಪಕ್ಕಕ್ಕೆ ಸರಿದ.

ಗುಬ್ಬಿ ಈಗ ನಮ್ಮ ಜೊತೆಗಿದ್ದಾಳೆ. ವಕೀಲರನ್ನು ಕಂಡು ಬಂದಿದ್ದೇವೆ. ಹೊಲಿಗೆ ಅಂಗಡಿಯಲ್ಲಿ ನನ್ನ ಪಕ್ಕ ಕೂತು ಗುಂಡಿ ಹಚ್ಚುತ್ತಾಳೆ, ಗಿರಾಕಿಗಳ ಜೊತೆ ಒಂದೊಂದು ಮಾತಾಡುತ್ತಾಳೆ, ಹೊಟ್ಟೆ ತುಂಬ ಉಣ್ಣುತ್ತಾಳೆ. ಅಪ್ಪನ ಹತ್ತಿರ ಮಾತ್ರ ಮಾತಿಲ್ಲ. ಅವರು ಎಲ್ಲವನ್ನೂ ನನ್ನ ಮೂಲಕ ಕೇಳುತ್ತಾರೆ: "ಅವಳಿಗೆ ಫ್ಯಾನು ಬೇಕಾ ಕೇಳೇ. ಸೊಳ್ಳೆ ಕಚ್ಚುತ್ತಾ ಕೇಳೇ." ನನಗೆ ಅಯ್ಯೋ ಅನಿಸುತ್ತದೆ. ಮರುಗಳಿಗೆಯೇ ಆ ಧ್ವನಿ ಸಂದೇಶ ನೆನಪಾಗಿ, ಅನುಭವಿಸಲಿ ಅನಿಸುತ್ತದೆ. ಎರಡೂ ನಿಜ.

ಮೊನ್ನೆ ಅವರಿಗೆ ತಡೆಯಲಾಗಲಿಲ್ಲ. ಅವಳು ಅಕ್ಕಿ ಆರಿಸುತ್ತಿದ್ದಳು. ಹೋಗಿ ಎದುರಿಗೆ ನೆಲದ ಮೇಲೆ ಕುಳಿತರು. ಊಟ ನಿದ್ದೆ ಇಲ್ಲದೆ ಮುಖ ಕಪ್ಪಿಟ್ಟಿತ್ತು, ಕೆನ್ನೆ ಒಳಗೆ ಹೋಗಿತ್ತು, ಕಣ್ಣು ತುಂಬಿತ್ತು. "ಗುಬ್ಬೀ, ಒಂದು ಸಲ ನನ್ನ ಮುಖ ನೋಡಮ್ಮ" ಎಂದರು.

ಅವಳು ಮೊರ ಕೆಳಗಿಟ್ಟು ನೋಡಿದಳು. ಅವರು ಆ ಬಾಗಿಲ ಫೋಟೋ ನೋಡುತ್ತಿದ್ದರಲ್ಲ, ಅಷ್ಟೇ ಹೊತ್ತು ಅಷ್ಟೇ ಗಮನ ಕೊಟ್ಟು ನೋಡಿದಳು.

"ವಯಸ್ಸಾಗಿದೆ ಅಪ್ಪ ನಿನಗೆ, ಅಷ್ಟೇ" ಎಂದು ಮತ್ತೆ ಮೊರ ಕೈಗೆತ್ತಿಕೊಂಡಳು.

ನಾನು ಅವಳನ್ನು ಗದರಲಿಲ್ಲ.